ಉರುಳುಗಲ್ಲಿನ ದನಿ ಪರೀಕ್ಷೆ

ಹೊಟ್ಟೆಪಾಡಿಗೆ ಪರದೇಶಕ್ಕೆ ಹೋಗಿ ಅಲ್ಲಿನ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದ ಅವನಿಗೆ ಜೊತೆಯವರು ಇಟ್ಟ ಹೆಸರು ಉರುಳುಗಲ್ಲು. ಅಲ್ಲಿನ ಭಾಷೆಯನ್ನು ತಪ್ಪಿಲ್ಲದೆ ಆಡುತ್ತಿದ್ದ. ಆದರೆ ತಾಯ್ನುಡಿಯ ಧಾಟಿ ಬಿಡದೆ ಮಾತು ಇಳಿಜಾರಿಗೆ ಬಿಟ್ಟ ಬಂಡೆಯಂತೆ ಗಡಗಡ ಉರುಳುತ್ತಿತ್ತು. ಅಂಥವನು ನಿಲ್ದಾಣದಲ್ಲಿ ಮೈಕಿನ ಮುಂದೆ ಬಸ್ಸಿನ ವೇಳೆ ಕೂಗಿ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದ. ಪರೀಕ್ಷೆ ಅಂದೇ ಮಧ್ಯಾಹ್ನ.

"ನೀರಲ್ಲಿ ನಿಂತು ನಿಂತು ನಿಮ್ಮ ಕಾಲು ಹುಣ್ಣಾಗಿದೆ. ಕೂತು ಮಾಡೋ ಕೆಲಸ ಇದೊಂದೇ ಕಣ್ರೀ, ಬಿಡಬೇಡಿ" ಎಂದು ಹೆಂಡತಿ ಹೇಳಿ ಕಳಿಸಿದ್ದಳು.

ಡಿಪೋದಲ್ಲಿ ಸುದ್ದಿ ಹಬ್ಬಿತು. ಟಿಕೆಟ್ ಕೌಂಟರಿನ ಅಕ್ಕ ಓಡಿ ಬಂದಳು. "ರಾಜಧಾನಿಯವರ ಥರ ಆಡಪ್ಪಾ. ಉತ್ತರದವರ ಥರ ಮಾತ್ರ ಬೇಡ, ಬೈದ ಹಾಗಿರುತ್ತೆ."

ಉತ್ತರದವನಾದ ಮೆಕ್ಯಾನಿಕ್ ಬಸ್ಸಿನಡಿಯಿಂದ ತಲೆ ಹೊರಹಾಕಿದ. "ನಿಮ್ಮ ದಕ್ಷಿಣದವರು ಹಾಡಿದ್ರೂ ಶೀತ ಆದ ಹಾಗಿರುತ್ತಲ್ಲಮ್ಮಾ!"

ಜಗಳ ಜೋರಾಯಿತು. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ರಾಜಧಾನಿಯೊಂದೇ. ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿಸಿ, ಉರುಳುಗಲ್ಲನ್ನು ಮಧ್ಯಾಹ್ನದವರೆಗೆ ಉಜ್ಜಿದರು. ದವಡೆ ಮರಗಟ್ಟಿತು, ಜೊಲ್ಲು ಸುರಿಯಿತು, ಬಂಡೆ ನುಣ್ಣಗಾಯಿತು. ಮುಖ್ಯ ಕಚೇರಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ ಕಾವಲುಗಾರ ಇವನ "ನಮಸ್ಕಾರ" ಕೇಳಿ, ರಾಜಧಾನಿಯ ಸಾಹೇಬರೆಂದು ದಡಬಡಿಸಿ ಎದ್ದ. ತಿರುಗಿ, ಪರದೇಶದವನ ಮುಖ ಕಂಡು ಪೆಚ್ಚಾಗಿ ಕೂತ.

ಪರೀಕ್ಷೆಯ ಕ್ರಮವೇ ಬೇರೆ. ಪಕ್ಷಪಾತ ಆಗದಿರಲೆಂದು ಪರೀಕ್ಷಕರು ಪಕ್ಕದ ಕೋಣೆಯಲ್ಲಿ ಕೂತು ದನಿಯನ್ನಷ್ಟೇ ಕೇಳುತ್ತಿದ್ದರು. ಅವನು ಮೈಕಿನಲ್ಲಿ ಬೆಣ್ಣೆ ಜಾರಿದಂತೆ ಓದಿದ.

ಗೋಡೆಯ ಸ್ಪೀಕರ್ ನಿಟ್ಟುಸಿರಿಟ್ಟಿತು. "ಅಪ್ಪಟ ರಾಜಧಾನಿ! ಬೇಡಪ್ಪಾ. ನಿಮ್ಮೋರು ಕೂಗಿದ್ರೆ ಉತ್ತರದವರು ದೂರು ಕೊಡ್ತಾರೆ, ಉತ್ತರದವರು ಕೂಗಿದ್ರೆ ದಕ್ಷಿಣದವರು. ಸಾಕಾಗಿದೆ. ಈ ಸಲ ಯಾರ ಕಡೆಗೂ ಸೇರದ ಪರದೇಶದವರನ್ನೇ ತಗೋತೀವಿ."

ಅವನು ಮೈಕಿನತ್ತ ಬಾಗಿದ. "ಸಾರ್, ನಾನು ಪರದೇಶದವನೇ!" ಎಂದು ತನ್ನ ಹಳೆಯ ಗಡಗಡದಲ್ಲೇ ಕೂಗಿದ. "ಇದೇ ನನ್ನ ನಿಜವಾದ ಮಾತು ಸಾರ್!"

ಸ್ಪೀಕರ್ ಸಿಡುಕಿತು.

"ಥೂ! ಹೊಟ್ಟೆಪಾಡಿಗೆ ಬಂದವರ ಮಾತನ್ನ ಅಣಕಿಸ್ತೀಯಾ? ನಾಚಿಕೆ ಆಗಲ್ವಾ?"

"ಅಣಕ ಅಲ್ಲ ಸಾರ್! ಒಂದ್ಸಲ ಬಾಗಿಲು ತೆಗೆದು ನನ್ನ ಮುಖ ನೋಡಿ!"

"ಮುಖ ನೋಡಿ ಕೆಲಸ ಕೊಡೋ ಕಾಲ ಹೋಯ್ತು ಕಣಯ್ಯಾ" ಎಂದಿತು ಸ್ಪೀಕರ್ ಹೆಮ್ಮೆಯಿಂದ. "ಮುಂದಿನವರು ಬನ್ನಿ!"