ಸೆನ್ಸರಿಗೆ ತೊಡಿಸಿದ ಕನ್ನಡಕ

ಕನ್ನಡಕದ ಅಂಗಡಿಯ ಯಜಮಾನರ ಪ್ರಕಾರ ಲೋಕದಲ್ಲಿರುವುದು ಎರಡೇ ಬಗೆಯ ಪದಾರ್ಥ. ಒಂದು ಗಾಜು, ಇನ್ನೊಂದು ಗಾಜಾಗಲು ಯೋಗ್ಯತೆಯಿಲ್ಲದ್ದು. ಪ್ಲಾಸ್ಟಿಕ್ಕು, ಮೇಣ ಮತ್ತು ಹೆಂಡತಿಯ ತವರಿನವರು ಈ ಎರಡನೆಯ ಲೆಕ್ಕಕ್ಕೆ ಸೇರಿದವರು. ‘ಗಾಜು ಸುಳ್ಳು ಹೇಳುವುದಿಲ್ಲ’ ಎಂಬ ಮಾತು ಅವರ ಅಂಗಡಿಯ ಬೋರ್ಡಿನ ಮೇಲೂ ಇತ್ತು, ನಾಲಿಗೆಯ ಮೇಲೂ ಇತ್ತು. (ಬೋರ್ಡು ಓದಲಾಗದವರೇ ಅಂಗಡಿಗೆ ಬರುತ್ತಿದ್ದುದರಿಂದ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ.)

ಇಂಥ ಮಹಾನುಭಾವರಿಗೆ ಮನೆಯಲ್ಲಿ ಒಂದೇ ಕೊರಗು: ಹಿಂದಿನ ಕೋಣೆ. ಅದರ ಅರ್ಧದಲ್ಲಿ ಅವರ ಹಳೇ ಲೆನ್ಸುಗಳ ಪೆಟ್ಟಿಗೆ, ಇನ್ನರ್ಧದಲ್ಲಿ ಹೆಂಡತಿಯ ಮೇಣದಬತ್ತಿ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ಕರೆಂಟ್ ಒಲೆ, ಒಂದು ಪಾತ್ರೆ, ಒಂದಿಷ್ಟು ಅಚ್ಚು. ಆದರೂ ಊರಿನ ಎರಡು ಹೋಟೆಲುಗಳ ಮೇಜಿನ ಮೇಲೆ ಉರಿಯುತ್ತಿದ್ದುದು ಅವಳ ಬಿಳಿ ಬತ್ತಿಗಳೇ. ಇದು ಯಜಮಾನರ ಗಂಟಲಲ್ಲಿ ಮುಳ್ಳಾಗಿತ್ತು.

"ದಿನವಿಡೀ ಆ ಪಾತ್ರೆ ಮುಂದೆ ಕಡ್ಡಿ ಹಿಡ್ಕೊಂಡು ಕೂರ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದರು ಒಂದು ದಿನ. ಕಡ್ಡಿ ಎಂದರೆ ಮೇಣದ ಬಿಸಿ ನೋಡುವ ಅವಳ ಥರ್ಮಾಮೀಟರು. "ಮುಟ್ಟದೇನೇ ದೂರದಿಂದ ಬಿಸಿ ನೋಡೋ ಸೆನ್ಸರ್ ಬಂದಿದೆ. ಪಾತ್ರೆ ಮೇಲೆ ತೂಗುಹಾಕ್ತೀನಿ. ಹದ ಬಂದ ತಕ್ಷಣ ಒಲೆ ತಾನೇ ಆರುತ್ತೆ."

"ಬಿಟ್ಟಿ ಉಪಕಾರ ಮಾಡೋರಲ್ಲ ನೀವು. ನಿಮಗೇನು ಬೇಕು?"

"ಅದು ಕೆಲಸ ಮಾಡಿದ್ರೆ ಕೋಣೆ ಪೂರ್ತಿ ನನ್ನದು. ನೀನು ಹಿತ್ತಲ ಶೆಡ್ಡಿಗೆ ಹೋಗು."

"ಮಾಡದಿದ್ರೆ ನಿಮ್ಮ ಪೆಟ್ಟಿಗೆಗಳು ಶೆಡ್ಡಿಗೆ. ಅಮ್ಮಾ, ಕೇಳಿಸ್ತಾ?"

"ಕೇಳಿಸ್ತು," ಎಂದರು ಅತ್ತೆ. ಅಳಿಯ ಕಾಫಿ ಕೇಳಿದರೆ ಮಾತ್ರ ಅವರ ಕಿವಿ ಮಂದವಾಗುತ್ತಿತ್ತು.

ಸೆನ್ಸರು ಬಂತು. ಹೆಬ್ಬೆರಳ ಗಾತ್ರದ ಡಬ್ಬಿ, ಅದರ ತುದಿಯಲ್ಲಿ ಪುಟ್ಟ ಕಣ್ಣು. ಗೋಡೆಯ ಮೇಲೆ ಕೆಂಪು ಅಂಕಿ. ಮೊದಲ ದಿನ, ನಿಜ ಹೇಳಬೇಕೆಂದರೆ, ಅದು ಚೆನ್ನಾಗಿಯೇ ಕೆಲಸ ಮಾಡಿತು. ಸಂಜೆಯ ಹೊತ್ತಿಗೆ ಮೇಣದ ಆವಿ ಕಣ್ಣಿಗೆ ಪೊರೆಯಂತೆ ಕಟ್ಟಿಕೊಂಡು ಅಂಕಿ ತಪ್ಪತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಬೇಸರಪಡುತ್ತಿದ್ದರು. ಯಜಮಾನರ ಮುಖ ಮಾತ್ರ ಅರಳಿತು. ಕಣ್ಣಿನ ತೊಂದರೆಯೆಂದರೆ ಅದು ಅವರ ಸಾಮ್ರಾಜ್ಯದ ವಿಷಯ.

"ಒಂದು ತೆಳ್ಳನೆ ಕವರ್ ಸುತ್ತಿದ್ರೆ ಸಾಲದೇ?" ಎಂದು ಅತ್ತೆ ತರಕಾರಿ ತಂದ ಮಬ್ಬು ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿದರು.

ಯಜಮಾನರು ಅದನ್ನು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದರು. "ಇದರೊಳಗಿರೋದು ಈರುಳ್ಳಿಯೋ ಆಲೂಗಡ್ಡೆಯೋ ನಿಮಗೇ ಕಾಣಲ್ಲ. ಸೆನ್ಸರಿಗೆ ಕಾಣುತ್ತಾ? ಅತ್ತೆಯವರೇ, ಮೂವತ್ತು ವರ್ಷದಿಂದ ಜಗತ್ತಿಗೆ ದೃಷ್ಟಿ ಕೊಡ್ತಿರೋನು ನಾನು."

ಮರುದಿನ ಅಂಗಡಿಯಲ್ಲೇ ಅತ್ಯಂತ ಶುಭ್ರವಾದ ಗಾಜು ಆರಿಸಿ, ದುಂಡಗೆ ಉಜ್ಜಿ, ಸೆನ್ಸರಿನ ಕಣ್ಣಿಗೆ ಕೂರಿಸಿದರು. ಹೆಂಡತಿಯ ಕಡ್ಡಿಯನ್ನು ‘ಅನಾಗರಿಕ ಸಾಧನ’ ಎಂದು ಕಪಾಟಿಗೆ ಹಾಕಿ ಬೀಗ ಜಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೆಂಪು ಅಂಕಿಯ ಮುಂದೆ ಕುಳಿತು, ಖಾಲಿಯಾಗಲಿರುವ ಅರ್ಧ ಕೋಣೆಯಲ್ಲಿ ಯಾವ ಪೆಟ್ಟಿಗೆ ಎಲ್ಲಿಡಬೇಕೆಂದು ಯೋಚಿಸತೊಡಗಿದರು.

ಅಂಕಿ ಮೂವತ್ತೊಂದು ತೋರಿಸಿತು. ಎಷ್ಟೋ ಹೊತ್ತಾದ ಮೇಲೆ ಮೂವತ್ತೈದು.

"ಮೇಣ ಆಗಲೇ ಕರಗಿದೆ ಕಣ್ರೀ," ಎಂದಳು ಹೆಂಡತಿ.

"ನಿನ್ನ ಕಣ್ಣಿಗೆ ಕರಗಿದೆ. ಅಂಕಿ ನೋಡು."

"ಹೊಗೆ ಬರ್ತಿದೆ."

"ಆವಿ."

"ಸುಟ್ಟ ವಾಸನೆ ಬರ್ತಿದೆ."

"ನಿಮ್ಮಮ್ಮ ಅಡುಗೆಮನೆಯಲ್ಲಿದ್ದಾರಲ್ಲ, ಅದಕ್ಕೆ," ಎಂದರು ಯಜಮಾನರು. ಅತ್ತೆ ಅವರ ಬೆನ್ನ ಹಿಂದೆಯೇ ನಿಂತಿದ್ದರು.

ಕೋಣೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಂತಾದಾಗ ಹೆಂಡತಿ ಗಂಡನನ್ನು ಕೇಳದೆ ಒಲೆಯ ಪ್ಲಗ್ ಕಿತ್ತಳು. ಬೆಳ್ಳಗಿದ್ದ ಮೇಣ ಹಳೇ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಗೋಡೆಯ ಅಂಕಿ ಮಾತ್ರ ನಲವತ್ತರಲ್ಲಿ ನೆಮ್ಮದಿಯಾಗಿತ್ತು.

"ಸೆನ್ಸರ್ ಕೆಟ್ಟಿದೆ. ಮಾಲೇ ಸರಿಯಿಲ್ಲ," ಎಂದರು ಯಜಮಾನರು. ಕುಣಿಯಲಾರದವರಿಗೆ ನೆಲ ಡೊಂಕು.

ಹೆಂಡತಿ ಗಾಜು ಬಿಚ್ಚಿ, ಕಾದ ಪಾತ್ರೆಗೂ ತನ್ನ ಅಂಗೈಗೂ ನಡುವೆ ಹಿಡಿದಳು. ಕಾವು ತಟ್ಟನೆ ನಿಂತಿತು. ಗಾಜು ತೆಗೆದು ಅಮ್ಮನ ಚೀಲ ಹಿಡಿದಳು. ಚೀಲವೇ ಇಲ್ಲವೇನೋ ಎಂಬಂತೆ ಕಾವು ಬಂತು. ಇನ್ನೊಮ್ಮೆ ಮಾಡಿ ನೋಡಿದಳು, ಅದೇ ಫಲ.

"ಸೆನ್ಸರ್ ನೋಡೋದು ಬೆಳಕನ್ನಲ್ಲ, ಕಾವನ್ನ," ಎಂದಳು. "ನಿಮ್ಮ ಗಾಜು ಬೆಳಕನ್ನ ಬಿಡುತ್ತೆ, ಕಾವನ್ನ ತಡೆಯುತ್ತೆ. ಪಾಪ, ಅದು ಇಷ್ಟು ಹೊತ್ತು ಗಾಜಿನ ಬಿಸಿಯನ್ನೇ ಅಳೀತಾ ಕೂತಿತ್ತು."

ಚೀಲದ ಒಂದು ತುಂಡು ಕತ್ತರಿಸಿ, ಸೆನ್ಸರಿನ ಕಣ್ಣಿಗೆ ಸುತ್ತಿ ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕಿದಳು. ಅಂಕಿ ಸರಸರನೆ ಏರಿತು. ಕಪಾಟಿನ ಬೀಗ ತೆಗೆಸಿ ಕಡ್ಡಿ ಅದ್ದಿ ನೋಡಿದಳು. ಬಿಸಿ ಮೇಣಕ್ಕೆ ಗೋಡೆಯ ಅಂಕಿ ಕಡ್ಡಿಗಿಂತ ಎಂಟು ಡಿಗ್ರಿ ಕಡಿಮೆ, ತಣಿದ ಮೇಲೆ ಮೂರೇ ಡಿಗ್ರಿ. "ಲೆಕ್ಕ ಸಿಕ್ತು, ಹೊಂದಿಸ್ಕೊಂಡ್ರಾಯ್ತು," ಎಂದಳು.

"ಈಗ ಕೆಲಸ ಮಾಡ್ತಲ್ಲ, ಕೋಣೆ ನನ್ನದು," ಎಂದರು ಯಜಮಾನರು. ಮಾನ ಹೋದರೂ ಜಾಗ ಬಿಡುವ ಮನುಷ್ಯರಲ್ಲ ಅವರು.

"ಕೆಲಸ ಮಾಡಿದ್ದು ಅಮ್ಮನ ಚೀಲ. ನಿಮ್ಮ ಗಾಜು ಸುಳ್ಳು ಹೇಳ್ತು."

"ಗಾಜು ಸುಳ್ಳು ಹೇಳಲ್ಲ," ಎಂದು ಯಜಮಾನರು ಮೇಜು ಗುದ್ದಿದರು. ಮುಖ ಕೆಂಡವಾಗಿತ್ತು.

"ಆಯ್ತು," ಎಂದು ಹೆಂಡತಿ ಚೀಲದ ತುಂಡು ತೆಗೆದು ಮತ್ತೆ ಗಾಜು ಕೂರಿಸಿ, ಸೆನ್ಸರನ್ನು ಗಂಡನ ಹಣೆಗೆ ಗುರಿಯಿಟ್ಟಳು. ಗಾಜು ಆಗಲೇ ತಣ್ಣಗಾಗಿತ್ತು. ಅಂಕಿ ಇಪ್ಪತ್ತೆಂಟಕ್ಕೆ ನಿಂತಿತು.

ಅತ್ತೆ ಹತ್ತಿರ ಬಂದು ಅಂಕಿ ನೋಡಿದರು. ಅಳಿಯನನ್ನು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಷ್ಟು ತಣ್ಣಗಾಗಿದ್ದಾರೆ ಅಂದ್ರೆ ಹೋಗಿ ಬಹಳ ಹೊತ್ತಾಗಿದೆ ಮಗಳೇ. ನೆಂಟರಿಗೆಲ್ಲ ಹೇಳಿ ಕಳಿಸೋಣ್ವಾ?"

"ಅತ್ತೆ, ನಾನಿಲ್ಲೇ ನಿಂತಿದೀನಿ."

"ನೀವು ಹಾಗಂತೀರಿ. ಗಾಜು ಹಾಗನ್ನಲ್ವಲ್ಲ," ಎಂದು ಅತ್ತೆ ಫೋನು ಎತ್ತಿಕೊಂಡು ನಂಬರು ಒತ್ತತೊಡಗಿದರು.

ಆ ಕಡೆ ಫೋನು ರಿಂಗಾಗುವುದು ಕೇಳಿಸಿತು. ಯಜಮಾನರು ಹೆಂಡತಿಯ ಮುಖ ನೋಡಿದರು, ಅಲ್ಲಿ ಸಹಾಯವಿರಲಿಲ್ಲ. ಮೂವತ್ತು ವರ್ಷ ಜಗತ್ತಿಗೆ ದೃಷ್ಟಿ ಕೊಟ್ಟ ಕೈಗಳಿಂದ ತಾವೇ ಗಾಜು ಬಿಚ್ಚಿ ಜೇಬಿಗೆ ಹಾಕಿದರು. ಈರುಳ್ಳಿ ಸಿಪ್ಪೆ ಅಂಟಿದ್ದ ಚೀಲವನ್ನು ಎತ್ತಿಕೊಂಡು ಹಣೆಯ ಮುಂದೆ ಹಿಡಿದು ನಿಂತರು.

"ಮೂವತ್ತಮೂರು," ಎಂದಳು ಹೆಂಡತಿ. "ಚೀಲ ತಿಂದಿದ್ದು ಒಂದೆರಡು ಸೇರಿಸ್ಕೊಂಡ್ರೆ ಸರಿಯಾಯ್ತು. ಬದುಕಿದ್ದಾರೆ ಕಣಮ್ಮಾ, ಫೋನಿಡು."

"ಹಾಗಾದ್ರೆ ಒಳ್ಳೇದಾಯ್ತು," ಎಂದರು ಅತ್ತೆ ಫೋನಿಡುತ್ತ. "ಪೆಟ್ಟಿಗೆ ಹೊರೋಕೆ ಒಬ್ಬರು ಬೇಕಿತ್ತು."