ಬೆಳ್ಳಕ್ಕಿಯ ಪಥ್ಯ

ಸುಶೀಲವ್ವನ ರೊಟ್ಟಿ ಬುಟ್ಟಿಯಲ್ಲಿ ಅಂದು ಬೆಳಿಗ್ಗೆ ರೊಟ್ಟಿ ಇರಲಿಲ್ಲ, ಬೆಳ್ಳಕ್ಕಿ ಇತ್ತು. ಜಾಲಿಮುಳ್ಳಿಗೆ ರೆಕ್ಕೆ ಹರಿದುಕೊಂಡು ಬಿದ್ದಿದ್ದನ್ನು ಮಕ್ಕಳಾದ ನೀಲಾ, ಹೊಳೆಪ್ಪ ಕೆರೆ ದಂಡೆಯಿಂದ ಎತ್ತಿ ತಂದಿದ್ದರು. (ರೊಟ್ಟಿಗಳನ್ನು ದೇವರ ಜಗಲಿಯ ಮೇಲೆ ಸಾಲಾಗಿ ಕೂಡ್ರಿಸಿದ್ದರು.)

"ಬೈಬ್ಯಾಡ ಬೇ ಯವ್ವಾ. ಅದಕ್ಕ ಭಾಳ ನೋಯಾಕತ್ತೈತಿ," ಎಂದಳು ನೀಲಾ.

ಬೈಯಲು ತೆರೆದ ಸುಶೀಲವ್ವನ ಬಾಯಿ ಹಾಗೇ ಮುಚ್ಚಿತು. ಗಂಡನ ಹೊಸ ಧೋತರದ ಅಂಚು ಹರಿದು (ಈರಪ್ಪ ಹೊಲಕ್ಕೆ ಹೋಗಿದ್ದ, ಧೋತರಕ್ಕೆ ಬಾಯಿ ಇರಲಿಲ್ಲ) ಅರಿಷಿಣ ಹಚ್ಚಿ ಕಟ್ಟಿದಳು. ಮಿಶ್ರಿಕೋಟಿಯ ಮಗಳ ಮನೆಗೆ ಹೋದ ಅತ್ತೆ ಗುರವ್ವ ಬರುವುದರೊಳಗೆ ಹಕ್ಕಿ ಹಾರಲೇಬೇಕು. ಲಿಂಗಪೂಜೆಯ ಮನೆಯಲ್ಲಿರುವಷ್ಟು ದಿನ ಅದು ಶುದ್ಧ ಸಸ್ಯಾಹಾರಿಯಾಗಿಯೂ ಇರಬೇಕು! ಇದು ಸುಶೀಲವ್ವನ ಘನಸಂಕಲ್ಪ.

ಜೋಳದ ನುಚ್ಚು, ಹಾಲು ಇಟ್ಟರೆ ಹಕ್ಕಿ ಮುಖ ತಿರುಗಿಸಿತು. ತುಪ್ಪ ಸುರಿದ ಸಿಹಿ ಮಾದಲಿಪುಡಿ ಇಟ್ಟರೆ ಹೊಳೆಪ್ಪ ತಿಂದ. ಮರುದಿನ ಹಕ್ಕಿಯ ಕತ್ತು ಜೋತುಬಿತ್ತು.

"ಅದು ಉಣ್ಣೂತನಕ ನಾವೂ ಉಣ್ಣಂಗಿಲ್ಲ!" ಮಕ್ಕಳು ತಾಟು ಸರಿಸಿದರು. ಹೊಳೆಪ್ಪ ತಾಟು ಸರಿಸಿದ್ದು ಹುಟ್ಟಿದಾಗಿನಿಂದ ಇದೇ ಮೊದಲು.

ಸಂಕಲ್ಪ ಮುರಿಯಲಿಲ್ಲ, ದಾರಿ ಬದಲಿಸಿತು. ಸುಶೀಲವ್ವ ತಲೆ ತುಂಬ ಸೆರಗು ಹೊದ್ದು, ಹಿತ್ತಲ ಗೋಡೆಯಾಚೆ ಮೀನು ಮಾರುವ ಹಲೀಮಾಬಿಯನ್ನು ಪಿಸುಗುಟ್ಟಿ ಕರೆದಳು. "ಎರಡ ಸಣ್ಣ ಮೀನ ಕೊಡು ಬೇ."

"ಯಾ ಅಲ್ಲಾ! ಮಸಾಲಿನೂ ಅರದು ಕೊಡ್ಲೇನು?"

"ನಗಬ್ಯಾಡ. ಹಕ್ಕಿಗೆ."

ಬೆಳ್ಳಕ್ಕಿ ಸುಶೀಲವ್ವನ ಕೈಯಿಂದಲೇ ಮೀನು ಗುಳುಂ ಎನ್ನಿಸಿತು. ಮಕ್ಕಳು ತಾಟಿಗೆ ಓಡಿದರು. ಮೊದಲ ದಿನ ಕಣ್ಣು ಮುಚ್ಚಿ ಮೀನಿನ ಬಾಲ ಹಿಡಿದಿದ್ದ ಸುಶೀಲವ್ವ, ವಾರದೊಳಗೆ "ಇವು ನಿನ್ನಿವು, ನನಗ ತಿಳಿಯಂಗಿಲ್ಲೇನು?" ಎಂದು ಮೂಸಿ ನೋಡಿ ಹಿಂದಕ್ಕೆ ಕೊಡುವ ಪಂಡಿತೆಯಾದಳು. ರೋಗಿಗೆ ಹಳಸಿದ್ದು ಆಗಬಾರದಲ್ಲ!

ಒಂದು ಬೆಳಿಗ್ಗೆ ಹಕ್ಕಿ ಮಾಳಿಗೆಯಿಂದ ಎದ್ದು ಕೆರೆಯ ಕಡೆ ಹಾರಿಯೇಬಿಟ್ಟಿತು. ಮಕ್ಕಳು ಕುಣಿದರು. ಸುಶೀಲವ್ವ ಕಣ್ಣೊರೆಸಿಕೊಂಡು ಮನೆಯೆಲ್ಲ ಸಾರಿಸಿದಳು. ಮಧ್ಯಾಹ್ನದ ಬಸ್ಸಿಗೇ ಗುರವ್ವ ಬಂದಿಳಿದಳು. ಎಲ್ಲ ಹೊಂದಿಬಂದಿತ್ತು, ಹಲೀಮಾಬಿಗೆ ಸುದ್ದಿ ಮುಟ್ಟಿಸುವುದೊಂದು ಮರೆತಿತ್ತು.

ಅತ್ತೆ ವಿಭೂತಿ ಧರಿಸಿ ಹಿಂದಿನ ಪಡಸಾಲೆಯಲ್ಲಿ ಊಟಕ್ಕೆ ಕೂಡುವುದಕ್ಕೂ, ಗೋಡೆಯ ಮೇಲೆ ಹಲೀಮಾಬಿಯ ಮುಖ ಮೂಡುವುದಕ್ಕೂ ಸರಿಹೋಯಿತು.

"ಸುಶೀಲವ್ವಾ, ನಿನ್ನ ಮೀನ! ಇವತ್ತ ಅಗದಿ ತಾಜಾ ಅದಾವು!"

ಗುರವ್ವನ ತುತ್ತು ಕೈಯಲ್ಲೇ ನಿಂತಿತು. "ಯಾರಿಗೆ ಮೀನ?"

"ಹಕ್ಕಿಗ್ರಿ, ಅತ್ತೀ..."

"ಎಲ್ಲೈತಿ ಹಕ್ಕಿ?"

"ಹಾರಿ ಹೋತ್ರಿ."

ಅವ್ವನ ಮುಖ ಬಿಳಿಚಿದ್ದು ಕಂಡು ನೀಲಾ ಅಡ್ಡ ನಿಂತಳು. ಗಾಯದ ಹಕ್ಕಿಗೆ ಮರುಗಿದ ಜೀವ ಹೆತ್ತವ್ವನಿಗೆ ಮರುಗದಿದ್ದೀತೆ?

"ನಮ್ಮವ್ವನ್ನ ಬೈಬ್ಯಾಡ ಆಯೀ! ಆಕಿ ಒಂದೂ ತಿಂದಿಲ್ಲ. ದಿನಾ ಬರೇ ಮೂಸಿ ನೋಡ್ತಾಳ."