ಭಾವನ ಕ್ಯಾಸೆಟ್, ನನ್ನ ಹೊಟ್ಟೆಕಿಚ್ಚು

ನಮ್ಮ ಭಾವ ಕಳ್ಳ! ಹೆಂಡತಿಯ ಅಣ್ಣನ ಬಗ್ಗೆ ಹೀಗೆ ಬರೆದರೆ ಮಧ್ಯಾಹ್ನದ ಊಟ ಸಿಗುವುದು ಸಂಶಯ, ಆದರೂ ಬರೆಯುತ್ತೇನೆ. ಮುಳ್ಳೇರಿಯದಲ್ಲಿ ಕುಳಿತುಕೊಂಡೇ, ಮಂಜೇಶ್ವರದಲ್ಲಿರುವ ನನ್ನ ಹನ್ನೊಂದು ವರ್ಷದ ಮಗಳ ಭಾನುವಾರಗಳನ್ನೆಲ್ಲ ಕದ್ದವನು ಅವನು. ವಾರವಾರವೂ ಅವಳು ಅವನ ಮನೆಗೇ ಓಡುತ್ತಾಳೆ.

ಕದಿಯಲು ಬಳಸಿದ ಆಯುಧ, ಗಲ್ಫಿನಿಂದ ತಂದ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ಮತ್ತು ಅದಕ್ಕೆ ಹಾಕುವ ಆಟಗಳ ಒಂದು ಚೀಲ ಕ್ಯಾಸೆಟ್. ಪ್ರತಿ ಆಟಕ್ಕೂ ಮೊದಲು ಧೂಳು ಹಾರಿಸಲು ಕ್ಯಾಸೆಟ್ಟಿನ ಬಾಯಿಗೆ ಶಂಖ ಊದುವವರ ಗಾಂಭೀರ್ಯದಲ್ಲಿ ಊದುತ್ತಾನೆ. ಕೇಳಿದವರಿಗೆಲ್ಲ ಕೊಟ್ಟೂ ಕಳಿಸುತ್ತಾನೆ. ನೆರೆಮನೆಯ ಪಾತ್ರೆಯನ್ನು ಖಾಲಿ ಹಿಂದೆ ಕೊಡಬಾರದೆಂಬ ಪದ್ಧತಿ ನಮ್ಮ ಕಡೆ ಇದೆಯಲ್ಲ, ಅದು ಕ್ಯಾಸೆಟ್ಟಿಗೂ ಹತ್ತಿಕೊಂಡಿದೆ! ಆಡಿ ಮುಗಿಸಿದವರು ಹಲಸಿನ ಹಪ್ಪಳದ ಕಟ್ಟಿನೊಂದಿಗೆ ಹಿಂದಿರುಗಿಸುತ್ತಾರೆ. ಅವನ ಮನೆಯಲ್ಲಿ ಹಪ್ಪಳ ಮುಗಿದದ್ದನ್ನು ನಾನು ಕಂಡಿಲ್ಲ.

ನಾನೇನು ಕಡಿಮೆಯೇ? ಅವೇ ಆಟಗಳನ್ನು ಆನ್‌ಲೈನ್ ಅಂಗಡಿಯಲ್ಲಿ ಕೊಂಡು ಟಿವಿಗೆ ಇಳಿಸಿದೆ. ಧೂಳಿಲ್ಲ, ಊದುವ ಕಷ್ಟವಿಲ್ಲ. ಭಾವನಿಗೂ ಕೊಳ್ಳಲು ಹೇಳಿದೆ.

"ಇದನ್ನು ನೆರೆಮನೆಗೆ ಕೊಡ್ಲಿಕ್ಕೆ ಆಗ್ತದಾ?"

"ಇಲ್ಲ."

"ಅಂಗಡಿ ಮುಚ್ಚಿದ್ರೆ?"

"ಆಟವೂ ಹೋಗಬಹುದು."

"ಹಾಗಾದ್ರೆ ನೀನು ಕೊಂಡದ್ದು ಎಂತ ಮಾರಾಯ?"

ಮಗಳು ತನ್ನ ಮಾವನ ಪಕ್ಕ ನಿಂತು ಬಿದ್ದು ಬಿದ್ದು ನಕ್ಕಳು. ಮೈಯೆಲ್ಲ ಉರಿಯಿತು ನೋಡಿ! ನನ್ನೊಡನೆ ಅವಳು ಹಾಗೆ ನಕ್ಕದ್ದು ಯಾವಾಗ?

ಕಳೆದ ತಿಂಗಳು ಆ ಅಂಗಡಿ ನಿಜಕ್ಕೂ ಬಾಗಿಲು ಹಾಕಿತು. ಕೊಳ್ಳುವವರೇ ಇರಲಿಲ್ಲವಂತೆ, ಹಪ್ಪಳ ಬಾರದ ವ್ಯಾಪಾರ ಯಾರಿಗೆ ಬೇಕು? ಟಿವಿಯಿಂದ ನನ್ನ ಆಟಗಳೂ ಮಾಯವಾದವು. ಮಗಳನ್ನು ಕರೆತರಲು ಮುಳ್ಳೇರಿಯಕ್ಕೆ ಹೋದಾಗ ಗೇಲಿಗೆ ಸಿದ್ಧನಾಗಿಯೇ ಹೋದೆ. ಅವಳು ಒಳಗೆ ಊಟಕ್ಕೆ ಕುಳಿತಿದ್ದಳು. ಭಾವ ಗೇಲಿ ಮಾಡಲಿಲ್ಲ. ಒಂದು ಕ್ಯಾಸೆಟ್ ಊದಿ ಪೆಟ್ಟಿಗೆಗೆ ಹಾಕಿದ. ಅದರಲ್ಲಿ ಆಟವನ್ನು ಉಳಿಸಿಡಲು ಮೂರೇ ಹೆಸರಿಗೆ ಜಾಗ. ಮೊದಲನೆಯದು ಮಗಳದ್ದು, ಎರಡನೆಯದು ಭಾವನದ್ದು. ಮೂರನೆಯದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಅಪ್ಪ' ಎಂದಿತ್ತು. ಆ ಹೆಸರಿನಲ್ಲಿ ಯಾರೂ ಒಂದು ಹೆಜ್ಜೆಯೂ ಆಡಿರಲಿಲ್ಲ.

"ಇದೊಂದನ್ನು ಯಾರಿಗೂ ಕೊಡ್ಲಿಕ್ಕೆ ಅವಳು ಬಿಡುವುದಿಲ್ಲ," ಎಂದ ಭಾವ. "ನಿನ್ನ ಹೆಸರನ್ನು ಅಳಿಸಿ ಬಿಡ್ತಾರೆ ಅಂತ ಹೆದರಿಕೆ. ಅಪ್ಪ ಒಂದು ದಿನ ಆಡ್ಲಿಕ್ಕೆ ಬರ್ತಾರೆ ಅಂತ ಹೇಳ್ಲಿಕ್ಕೆ ಶುರು ಮಾಡಿ ಎರಡು ವರ್ಷ ಆಯ್ತು."

ಪೆಟ್ಟಿಗೆಯ ಮುಂದೆ ನೆಲದಲ್ಲೇ ಕುಳಿತೆ. ಒಳಗೆ ಕೇಳುವಂತೆ ಕೂಗಿದೆ: "ಮಗಾ, ಇದನ್ನು ಹೇಗೆ ಆಡುವುದು? ಸ್ವಲ್ಪ ಹೇಳಿಕೊಡ್ತೀಯಾ?"

ಅವಳು ಕೈ ಕೂಡ ತೊಳೆಯದೆ ಓಡಿ ಬಂದಳು.